ಫೈರ್ ಅಲಾರ್ಮ್ ಟೆಸ್ಟ್: ಹೊಗೆ ಒಳಹೋಗುವಲ್ಲಿಂದ ಸದ್ದು ಕಿವಿಗೆ ಬೀಳುವವರೆಗೆ

ಟೆಸ್ಟ್ ರಿಪೋರ್ಟಿನಲ್ಲಿ ಎಲ್ಲ ಡಿಟೆಕ್ಟರ್‌ಗಳ ಮುಂದೆಯೂ ‘ಓಕೆ’ ಎಂದಿದ್ದರೆ ಮೊದಲು ಕೇಳಬೇಕಾದದ್ದು ಇದು: ಯಾವುದರಿಂದ ಅಲಾರ್ಮ್ ಹೊಡೆಸಿದಿರಿ? ಮ್ಯಾಗ್ನೆಟ್ ಹಿಡಿದು ಹೊಡೆಸಿದ್ದರೆ ಆ ಓಕೆ ಅರ್ಧ ಮಾತ್ರ. ಮ್ಯಾಗ್ನೆಟ್ ಟೆಸ್ಟ್ ಇರುವ ಡಿಟೆಕ್ಟರ್‌ಗಳಲ್ಲಿ ಅದು ಒಳಗಿನ ಸರ್ಕ್ಯೂಟ್, ಪ್ಯಾನೆಲ್‌ವರೆಗಿನ (ಎಲ್ಲ ಡಿಟೆಕ್ಟರ್‌ಗಳೂ ಸೇರುವ ಕಂಟ್ರೋಲ್ ಪೆಟ್ಟಿಗೆಯವರೆಗಿನ) ವೈರಿಂಗ್ ಸರಿಯಿವೆ ಎಂದಷ್ಟೇ ಹೇಳುತ್ತದೆ. ಹೊಗೆ ಒಳಗೆ ಹೋಗುವ ದಾರಿ ತೆರೆದಿದೆಯೇ ಎಂಬುದನ್ನು ಹೇಳುವುದಿಲ್ಲ. ಪೇಂಟ್ ಬಿದ್ದು ಮುಚ್ಚಿದ ಜಾಲರಿ ಇರಲಿ, ಕಟ್ಟಡದ ಕೆಲಸ ನಡೆಯುವಾಗ ಧೂಳಿಗೆಂದು ಹಾಕಿ ತೆಗೆಯದೇ ಬಿಟ್ಟ ಪ್ಲಾಸ್ಟಿಕ್ ಕ್ಯಾಪ್ ಇರಲಿ, ಮ್ಯಾಗ್ನೆಟ್ ಇಟ್ಟರೆ ಡಿಟೆಕ್ಟರ್ ಹೊಡೆಯುತ್ತದೆ. ಬೆಂಕಿ ಬಿದ್ದ ದಿನ ಮಾತ್ರ ಸುಮ್ಮನಿರುತ್ತದೆ.

ಕೆಲಸ ಶುರುವಾಗುವುದು ಏಣಿಯ ಮೇಲಲ್ಲ, ಪ್ಯಾನೆಲ್ ಮುಂದೆ. ಆಗಲೇ ಇರುವ ಫಾಲ್ಟ್, ಡಿಸೇಬಲ್ ಆಗಿರುವ ಪಾಯಿಂಟ್‌ಗಳನ್ನು ಮೊದಲು ಬರೆದುಕೊಳ್ಳಿ. ಹೊರಗಿನ ಮಾನಿಟರಿಂಗ್ ಕೇಂದ್ರಕ್ಕೆ ಲಿಂಕ್ ಇದ್ದರೆ ಅವರಿಗೆ ಫೋನ್ ಮಾಡಿ ಟೆಸ್ಟ್‌ಗೆ ಹಾಕಿಸಿ. ಆಮೇಲೆ ಅಲಾರ್ಮ್ ಬಂದರೆ ಏನೇನು ಓಡುತ್ತದೆ ಎಂದು ನೋಡಿ: ಲಿಫ್ಟ್ ನೆಲಮಹಡಿಗೆ ಇಳಿಯುವುದು, ಎಸಿ ಬ್ಲೋವರ್ ನಿಲ್ಲುವುದು, ಬಾಗಿಲುಗಳ ಮ್ಯಾಗ್ನೆಟ್ ಬಿಡುವುದು. ಇವನ್ನು ಪ್ಯಾನೆಲ್‌ನಲ್ಲಿ ಡಿಸೇಬಲ್ ಮಾಡಿದರೆ ಸಾಕು. ಗ್ಯಾಸ್ ಸಪ್ರೆಶನ್ (ಗ್ಯಾಸ್ ಬಿಟ್ಟು ಬೆಂಕಿ ಆರಿಸುವ ವ್ಯವಸ್ಥೆ) ಇರುವ ಕೋಣೆಗೆ ಅದು ಸಾಲದು. ಸಾಫ್ಟ್‌ವೇರ್ ಡಿಸೇಬಲ್ ನಂಬಿ ಸರ್ವರ್ ರೂಮಿನ ಡಿಟೆಕ್ಟರ್‌ಗೆ ಹೊಗೆ ಹಾಕಬೇಡಿ. ಆ ಸಿಸ್ಟಮ್ ಬಲ್ಲವರಿಂದ ಸಿಲಿಂಡರ್ ವಾಲ್ವ್ ಮೇಲಿನ, ಅದನ್ನು ತೆರೆಯುವ ಆಕ್ಚುಯೇಟರ್ ಅನ್ನೇ ಬಿಚ್ಚಿಸಿಡಿ.

ಸ್ಮೋಕ್ ಡಿಟೆಕ್ಟರ್‌ಗೆ ಟೆಸ್ಟ್ ಏರೋಸಾಲ್ ಕ್ಯಾನ್, ಉದ್ದ ಕೋಲು, ಅದರ ತುದಿಗೆ ಕಪ್. ಕಪ್ಪನ್ನು ಡಿಟೆಕ್ಟರ್‌ಗೆ ಕೂರಿಸಿ ಅರ್ಧದಿಂದ ಒಂದು ಸೆಕೆಂಡು ಸ್ಪ್ರೇ ಮಾಡಿ, ಕಾಯಿರಿ. ಹೊಗೆ ಡಿಟೆಕ್ಟರ್‌ನೊಳಗಿನ ಚೇಂಬರ್‌ಗೆ ಸುತ್ತಿ ಹೋಗಬೇಕು. ಪ್ಯಾನೆಲ್‌ನಲ್ಲಿ ವೆರಿಫಿಕೇಶನ್ ಡಿಲೇ (ಅಲಾರ್ಮ್ ನಿಜವೇ ಎಂದು ಖಚಿತಪಡಿಸಿಕೊಳ್ಳಲು ಕಾಯುವ ಸಮಯ) ಇಟ್ಟಿದ್ದರೆ ಇನ್ನೂ ತಡ. ಹೊಡೆಯಲಿಲ್ಲವೆಂದು ಮತ್ತೆ ಮತ್ತೆ ಒತ್ತುವವರೇ ಹೆಚ್ಚು. ಹಾಗೆ ಒತ್ತಿದರೆ ಏರೋಸಾಲ್‌ನ ಪದರ ಚೇಂಬರ್ ಗೋಡೆಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ, ಮುಂದೆ ಅದೇ ಡಿಟೆಕ್ಟರ್ ಸುಳ್ಳು ಅಲಾರ್ಮ್ ಕೊಡಲು ತೊಡಗುತ್ತದೆ. ಊದುಬತ್ತಿ, ಸಿಗರೇಟಿನ ಹೊಗೆಯದೂ ಇದೇ ಕಥೆ, ಅವುಗಳ ಟಾರ್ ಇನ್ನೂ ಕೆಟ್ಟದ್ದು. ಹೊಡೆದ ಮೇಲೆ ಚೇಂಬರ್ ಖಾಲಿಯಾಗುವ ಮೊದಲೇ ರೀಸೆಟ್ ಮಾಡಿದರೆ ಮತ್ತೆ ಹೊಡೆಯುತ್ತದೆ. ಅದನ್ನು ಡಿಟೆಕ್ಟರ್ ದೋಷ ಎಂದುಕೊಂಡು ಬದಲಾಯಿಸಬೇಡಿ. ಸ್ವಲ್ಪ ಗಾಳಿ ಊದಿ, ಆಮೇಲೆ ರೀಸೆಟ್.

ಹೀಟ್ ಡಿಟೆಕ್ಟರ್‌ಗೆ ಲೈಟರ್ ಹಿಡಿಯುವಂತೆಯೇ ಇಲ್ಲ. ಹೀಟ್ ಟೆಸ್ಟರ್ ಇಲ್ಲದಿದ್ದರೆ ಹೇರ್ ಡ್ರೈಯರ್ ಆದೀತು; ಪೇಂಟ್ ಸುಲಿಯುವ ಹಾಟ್ ಏರ್ ಗನ್ ಪ್ಲಾಸ್ಟಿಕ್ ಕರಗಿಸುತ್ತದೆ. ಒಮ್ಮೆ ಬಿಸಿಯಾದರೆ ಮತ್ತೆ ಕೂಡದ ಫ್ಯೂಸಿಬಲ್ ಮಾದರಿಗೆ ಶಾಖ ಕೊಟ್ಟರೆ ಅದು ಅಲ್ಲಿಗೆ ಮುಗಿಯಿತು, ಅದನ್ನು ವಿದ್ಯುತ್ ಮೂಲಕವೇ ಟೆಸ್ಟ್ ಮಾಡಬೇಕು. ಕಿರಣಕ್ಕೆ ಹೊಗೆ ಅಡ್ಡ ಬಂದಾಗ ಹೊಡೆಯುವ ಬೀಮ್ ಡಿಟೆಕ್ಟರ್ ಮುಂದೆ ರಟ್ಟು ಹಿಡಿದು ಕಿರಣವನ್ನು ಥಟ್ಟನೆ ಪೂರ್ತಿ ಮುಚ್ಚಿದರೆ ಫೈರ್ ಬದಲು ಫಾಲ್ಟ್ ಬರುತ್ತದೆ, ಏಕೆಂದರೆ ಹೊಗೆ ಎಂದೂ ಹಾಗೆ ಮುಚ್ಚುವುದಿಲ್ಲ. ಟೆಸ್ಟ್ ಫಿಲ್ಟರ್‌ನಿಂದ ಸೆಟ್ ಮಾಡಿದ ಮಟ್ಟಕ್ಕಿಂತ ತುಸು ಹೆಚ್ಚು ಮಾತ್ರ ಮರೆಮಾಡಿ. ಮ್ಯಾನ್ಯುಯಲ್ ಕಾಲ್ ಪಾಯಿಂಟ್‌ಗೆ (ಜನರೇ ಅಲಾರ್ಮ್ ಕೊಡಲು ಗೋಡೆಯಲ್ಲಿರುವ ಪೆಟ್ಟಿಗೆ) ಟೆಸ್ಟ್ ಕೀ ಇದೆ, ಗಾಜು ಒಡೆಯುವ ಅಗತ್ಯವಿಲ್ಲ.

ಡಿಟೆಕ್ಟರ್‌ನ ಎಲ್‌ಇಡಿ ಹತ್ತಿದ್ದನ್ನು ಕೆಳಗಿನವರು ನೋಡಿದರೆ ಸಾಲದು. ಪ್ಯಾನೆಲ್ ಬಳಿ ಇನ್ನೊಬ್ಬರು ನಿಂತು ಡಿಸ್‌ಪ್ಲೇಯಲ್ಲಿ ಬಂದ ಹೆಸರನ್ನು ಓದಿ ಹೇಳಬೇಕು. ಮೂರನೇ ಮಹಡಿಯ ಸ್ಟೋರ್ ರೂಮ್ ಹೊಡೆದಾಗ ಪ್ಯಾನೆಲ್ ‘ಎರಡನೇ ಮಹಡಿ ಕಾರಿಡಾರ್’ ಎಂದರೆ ಬೆಂಕಿಯ ದಿನ ಎಲ್ಲರೂ ತಪ್ಪು ಮಹಡಿಗೆ ಓಡುತ್ತಾರೆ. ಗೋಡೆ ಎಬ್ಬಿಸಿ ಕೋಣೆಗಳನ್ನು ಬದಲಾಯಿಸಿದ ಕಟ್ಟಡಗಳಲ್ಲಿ ಈ ತಪ್ಪು ತೀರಾ ಸಾಮಾನ್ಯ. ಫಾಲ್ಸ್ ಸೀಲಿಂಗ್ ಮೇಲಿನ ಡಿಟೆಕ್ಟರ್‌ಗೆ ಕೆಳಗೆ ರೆಸ್ಪಾನ್ಸ್ ಇಂಡಿಕೇಟರ್ (ಡಿಟೆಕ್ಟರ್ ಹೊಡೆದದ್ದನ್ನು ತೋರಿಸುವ ದೀಪ) ಇದ್ದರೆ ಅದೂ ಹತ್ತಬೇಕು.

ಇನ್ನು ಹೂಟರ್, ಅಂದರೆ ಅಲಾರ್ಮ್ ಬಂದಾಗ ಕೂಗುವ ಸಾಧನ. ಹೆಚ್ಚಿನ ಕಡೆ ಟೆಸ್ಟ್ ಎಂದರೆ ಕಾರಿಡಾರ್‌ನಲ್ಲಿ ನಿಂತು ‘ಕೂಗಿತು’ ಎನ್ನುವುದು. ಕಾರಿಡಾರ್‌ನಲ್ಲಿ ಯಾರೂ ಮಲಗುವುದಿಲ್ಲ. ಬ್ರಿಟಿಷ್ ಸ್ಟ್ಯಾಂಡರ್ಡ್ ಬಿಎಸ್ 5839 ಭಾಗ 1 ಸಾಮಾನ್ಯ ಜಾಗಗಳಿಗೆ 65 ಡಿಬಿ (ಎ), ಅಂದರೆ ಕಿವಿಗೆ ಕೇಳುವ ರೀತಿಗೆ ಹೊಂದಿಸಿ ಅಳೆದ ಡೆಸಿಬಲ್, ಕೇಳುತ್ತದೆ, 30 ಸೆಕೆಂಡಿಗಿಂತ ಹೆಚ್ಚು ಕಾಲ ಇರುವ ಗದ್ದಲವಿದ್ದರೆ ಅದಕ್ಕಿಂತ 5 ಡಿಬಿ ಮೇಲೆ. ಮಲಗಿದವರನ್ನು ಎಬ್ಬಿಸಬೇಕಾದಲ್ಲಿ ಮಂಚದ ತಲೆಯ ಬಳಿ 75. ಲೆಕ್ಕ ಹಾಕಿ ನೋಡಿ: 1 ಮೀಟರ್‌ನಲ್ಲಿ 100 ಡಿಬಿ ಕೊಡುವ ಹೂಟರ್ ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡಿಬಿ ಇಳಿಯುತ್ತದೆ. 2 ಮೀಟರ್‌ಗೆ 94, 4ಕ್ಕೆ 88, 8ಕ್ಕೆ 82. ಅಲ್ಲೊಂದು ಸಾಮಾನ್ಯ ಬಾಗಿಲು ಮುಚ್ಚಿದ್ದರೆ ಸುಮಾರು 20 ಡಿಬಿ ಹೋಯಿತು, ಕೋಣೆಯೊಳಗೆ ಉಳಿದದ್ದು 62. ಫೈರ್ ಡೋರ್ ಆದರೆ ಇನ್ನೂ ಕಡಿಮೆ. ಕಾರಿಡಾರ್‌ನಲ್ಲಿ ಕಿವಿ ಮುಚ್ಚಿಕೊಳ್ಳುವಷ್ಟು ಸದ್ದಿದ್ದರೂ ಒಳಗೆ ನಿದ್ದೆಯಲ್ಲಿರುವವರು ಏಳುವುದಿಲ್ಲ. ಅಲ್ಲೇ ಇನ್ನೊಂದು ಹೂಟರ್ ಸೇರಿಸಿದರೆ ಸಿಗುವುದು 3 ಡಿಬಿ ಅಷ್ಟೇ. ಪರಿಹಾರ ಕೋಣೆಯೊಳಗೇ ಒಂದು ಹೂಟರ್. ಹಾಗಾಗಿ ಮೀಟರನ್ನು ‘ಎ’ ವೇಟಿಂಗ್‌ಗೆ ಇಟ್ಟು, ಬಾಗಿಲು ಮುಚ್ಚಿ, ಜನ ಇರುವ ಜಾಗದಲ್ಲೇ ಅಳೆಯಿರಿ. ಪ್ಲಾಂಟ್ ರೂಮಿನಲ್ಲಿ ಮೆಷೀನ್ ಓಡುತ್ತಿರುವಾಗ.

ಅಳೆಯುವಾಗ ಮೇನ್ಸ್ ತೆಗೆದು ಪ್ಯಾನೆಲ್ ಬ್ಯಾಟರಿಯ ಮೇಲೆ ಓಡುತ್ತಿರಬೇಕು. ಮೇನ್ಸ್ ಇದ್ದಾಗ ಪ್ಯಾನೆಲ್ 27 ವೋಲ್ಟ್ ಆಸುಪಾಸು ಕೊಡುತ್ತಿರುತ್ತದೆ, ಕೇಬಲ್‌ನ ನಷ್ಟವೆಲ್ಲ ಅದರಲ್ಲಿ ಮುಚ್ಚಿಹೋಗುತ್ತದೆ. 1.5 ಚದರ ಮಿಮೀ ತಾಮ್ರದ ಕೇಬಲ್‌ನ ಒಂದು ಎಳೆಗೆ ಕಿಲೋಮೀಟರ್‌ಗೆ ಸುಮಾರು 12 ಓಮ್. 200 ಮೀಟರ್ ದೂರವೆಂದರೆ ಹೋಗಿ ಬರುವ 400 ಮೀಟರ್, 4.8 ಓಮ್. ಕೊನೆಯಲ್ಲಿ ಅರ್ಧ ಆಂಪಿಯರ್ ಲೋಡ್ ಇದ್ದರೆ 2.4 ವೋಲ್ಟ್ ದಾರಿಯಲ್ಲೇ ಕಳೆಯಿತು. ಬ್ಯಾಟರಿ ಇಳಿದು 21 ವೋಲ್ಟ್‌ಗೆ ಬಂದಾಗ ಕೊನೆಯ ಹೂಟರ್‌ಗೆ 18.6 ಮಾತ್ರ ತಲುಪುತ್ತದೆ. ಡೇಟಾಶೀಟಿನ ಕನಿಷ್ಠ ವೋಲ್ಟೇಜ್ ಜೊತೆ ಇದನ್ನು ಹೋಲಿಸಿ. ಕೊನೆಯ ಹೂಟರ್‌ನ ಟರ್ಮಿನಲ್‌ನಲ್ಲೇ ಮಲ್ಟಿಮೀಟರ್ ಇಟ್ಟು ನೋಡುವುದು ಐದು ನಿಮಿಷದ ಕೆಲಸ.

ಒಂದೇ ಒಂದು ಹೂಟರ್ ಮೌನವಾಗಿದ್ದು ಪ್ಯಾನೆಲ್‌ನಲ್ಲಿ ಫಾಲ್ಟ್ ಇಲ್ಲದಿದ್ದರೆ ಎಂಡ್ ಆಫ್ ಲೈನ್ ರೆಸಿಸ್ಟರ್ (ವೈರ್ ತುಂಡಾಗಿಲ್ಲವೆಂದು ಪ್ಯಾನೆಲ್‌ಗೆ ತಿಳಿಸುವ ಬಿಡಿಭಾಗ) ಎಲ್ಲಿದೆ ಎಂದು ಹುಡುಕಿ. ಅದು ಸಾಲಿನ ಕಟ್ಟಕಡೆಯ ಹೂಟರ್‌ನಲ್ಲಿರಬೇಕು. ಫಾಲ್ಟ್ ಹೋಗಲಾಡಿಸಲು ಯಾರೋ ಅದನ್ನು ಪ್ಯಾನೆಲ್ ಟರ್ಮಿನಲ್‌ಗೇ ಸಿಕ್ಕಿಸಿದ್ದರೆ ಇಡೀ ವೈರ್ ತುಂಡಾದರೂ ಪ್ಯಾನೆಲ್ ‘ನಾರ್ಮಲ್’ ಎನ್ನುತ್ತಲೇ ಇರುತ್ತದೆ. ನಡುವೆ ಕವಲು ಎಳೆದು ಹಾಕಿದ ಹೂಟರ್‌ನ ವೈರ್ ಮೇಲೂ ನಿಗಾ ಇರುವುದಿಲ್ಲ. ಕೊನೆಯ ಹೂಟರ್‌ನ ಒಂದು ವೈರ್ ಬಿಚ್ಚಿ. ಪ್ಯಾನೆಲ್‌ಗಳ ಯುರೋಪಿಯನ್ ಸ್ಟ್ಯಾಂಡರ್ಡ್ ಇಎನ್ 54-2 ಪ್ರಕಾರ 100 ಸೆಕೆಂಡಿನೊಳಗೆ ಫಾಲ್ಟ್ ಬರಬೇಕು.

ಎಲ್ಲ ಮುಗಿದ ಮೇಲೆ ಪ್ಯಾನೆಲ್ ವಾಕ್ ಟೆಸ್ಟ್ ಮೋಡ್‌ನಲ್ಲಿದ್ದರೆ (ಡಿಟೆಕ್ಟರ್‌ಗಳನ್ನು ಒಂದೊಂದಾಗಿ ಟೆಸ್ಟ್ ಮಾಡಲು ಇಡುವ ಸ್ಥಿತಿ) ಅದರಿಂದ ಹೊರಬನ್ನಿ. ಡಿಸೇಬಲ್ ಮಾಡಿದ್ದನ್ನೆಲ್ಲ ಎನೇಬಲ್ ಮಾಡಿ, ಗ್ಯಾಸ್ ಬಿಟ್ಟು ಉಳಿದವುಗಳಿಗಾಗಿ ಒಂದು ಪೂರ್ಣ ಅಲಾರ್ಮ್ ಕೊಟ್ಟು ಲಿಫ್ಟ್, ಬಾಗಿಲು, ಬ್ಲೋವರ್ ನಿಜವಾಗಿ ಪಾಲಿಸುತ್ತವೆಯೇ ನೋಡಿ. ಮೊದಲು ಬರೆದಿಟ್ಟ ಪಟ್ಟಿಯೊಂದಿಗೆ ಪ್ಯಾನೆಲ್ ತಾಳೆ ಹಾಕಿ ಮಾನಿಟರಿಂಗ್ ಕೇಂದ್ರಕ್ಕೆ ತಿಳಿಸಿ. ಗ್ಯಾಸ್ ಆಕ್ಚುಯೇಟರ್ ಕೂರಿಸುವುದು ಕೊನೆಗೆ: ಪ್ಯಾನೆಲ್ ರೀಸೆಟ್ ಆಗಿ, ಆಕ್ಚುಯೇಟರ್‌ಗೆ ಹೋಗುವ ವೈರ್‌ನಲ್ಲಿ ರಿಲೀಸ್ ವೋಲ್ಟೇಜ್ ಇಲ್ಲವೆಂದು ಮೀಟರ್ ಇಟ್ಟು ನೋಡಿದ ಮೇಲೆ.