ಹೊಸ ಹುಡುಗಿ, ಹಳೇ ನೀಲಿ

ಉಲ್ಲನ್ ಅಂಗಡೀಲಿ ಇವತ್ತು ಹೊಸ ಹುಡುಗಿ.
"ಇದಕ್ಕೆ 4 ಮಿ.ಮೀ. ಕ್ರೋಶಾ ಕಡ್ಡಿ ಸಾಕೇನಮ್ಮಾ?" ಅಂದೆ.
"ಗೊತ್ತಿಲ್ಲ ಮೇಡಂ, ನಂಗೆ ಹೆಣೆಯೋಕೆ ಬರಲ್ಲ."

ಆದ್ರೆ ನಾನು ತಂದಿದ್ದ ಹಳೇ ನೀಲಿ ಉಂಡೆಯ ಲೇಬಲ್ಲನ್ನೂ ಹೊಸದರದ್ದನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಓದಿದಳು. ಶೇಡ್ ನಂಬರ್ ಒಂದೇ, ಲಾಟ್ ನಂಬರ್ (ಯಾವ ಸಲ ಬಣ್ಣ ಹಾಕಿದ್ದು ಅನ್ನೋ ಗುರುತು) ಬೇರೆ. "ಬಿಸಿಲಲ್ಲಿ ನೋಡಿ ಮೇಡಂ."
ಬಾಗಿಲ ಹತ್ತಿರ ಹಿಡಿದೆ. ಹೊಸದು ಒಂಚೂರು ಗಾಢ. ಬೇರೆ ಬೇರೆ ಸಲ ಬಣ್ಣ ಹಾಕಿದ ನೂಲು ಹೀಗೇ. ಹೆಣೆದ ಮೇಲೆ ಸ್ವೆಟರ್ ಬೆನ್ನಲ್ಲಿ ಪಟ್ಟೆ ಎದ್ದು ಕಾಣುತ್ತೆ, ಬಿಚ್ಚದೆ ಗತಿಯಿಲ್ಲ.

ಪಳಗಿದವರೂ ಎಷ್ಟೋ ಸಲ ನೋಡದೇ "ಎಲ್ಲಾ ಒಂದೇ" ಅಂದುಬಿಡ್ತಾರೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋ ಈ ಹುಡುಗೀನ ನಾನಂತೂ ನಂಬ್ತೀನಿ. ಕಡ್ಡಿ ವಿಷಯ ಬಿಡಿ, ಸಣ್ಣ ಚೌಕ ಹೆಣೆದು ಅಳೆದರಾಯ್ತು.
ಹಳೇ ಲಾಟ್ ಸಿಕ್ಕರೆ ಎತ್ತಿಡಮ್ಮ ಅಂತ ಅವಳಿಗೇ ಹೇಳಿ ಬಂದಿದೀನಿ.