ಯಾವ ಶ್ರೀನಾಥ್?

ತೊಂಬತ್ತರ ದಶಕದಲ್ಲಿ ನಮ್ಮ ಮನೇಲಿ "ಟೀವೀಲಿ ಶ್ರೀನಾಥ್ ಬಂದ" ಅಂತ ಯಾರಾದರೂ ಕೂಗಿದರೆ ನಾನು ಬೌಲರ್ ಶ್ರೀನಾಥ್, ಕ್ರಿಕೆಟ್ ಮ್ಯಾಚ್ ಅಂದುಕೊಂಡು ಓಡಿ ಬರುತ್ತಿದ್ದೆ. ನೋಡಿದರೆ ನಟ ಶ್ರೀನಾಥ್, ಭಾನುವಾರ ಸಂಜೆಯ ಸಿನಿಮಾ. ಅಮ್ಮನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. "ಶ್ರೀನಾಥ್ ಅಂದ್ರೆ ಒಬ್ಬರೇ. ನಿನ್ನವನು ಜಾವಗಲ್" ಅನ್ನುತ್ತಿದ್ದಳು.

ತಮಾಷೆ ಏನಂದ್ರೆ, ಅಮ್ಮನ ಪ್ರಣಯರಾಜನ ಮೂಲ ಹೆಸರು ಶ್ರೀನಾಥ್ ಅಲ್ಲವೇ ಅಲ್ಲ, ನಾರಾಯಣಸ್ವಾಮಿ. ನಟ ಸಿ.ಆರ್. ಸಿಂಹ ಅವರ ತಮ್ಮ. ಹುಟ್ಟಿನಿಂದ ಆ ಹೆಸರು ಇದ್ದದ್ದು ನಮ್ಮ ಬೌಲರ್‌ಗೆ. ಆದರೂ ಅವರನ್ನು ಹಾಸನ ಜಿಲ್ಲೆಯ ಒಂದು ಊರಿನ ಹೆಸರು ಹಿಡಿದು ಕರೆದರು ನೋಡಿ! ಹುಟ್ಟಿದ್ದು ಮೈಸೂರಲ್ಲಿ, ಓದಿದ್ದು ಎಂಜಿನಿಯರಿಂಗ್, ಜಗತ್ತಿಗೆಲ್ಲ ಮಾತ್ರ ಜಾವಗಲ್.

ಇಬ್ಬರಲ್ಲಿ ಯಾರ ಹೆಸರು ಬಂದರೂ ನನಗೆ ಮೊದಲು ನೆನಪಾಗೋದು ಗೆಲುವಲ್ಲ, ಸೋಲು. 1975ರ 'ಶುಭಮಂಗಳ', ಮಂಜುಳಾ ಜೊತೆಗಿನ ಅಷ್ಟೊಂದು ಸಿನಿಮಾ, ಎಲ್ಲ ಸರಿ. ಆದರೆ ಅಮ್ಮ ಕಣ್ಣೊರೆಸಿಕೊಂಡು ನೋಡುತ್ತಿದ್ದದ್ದು 1982ರ ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ'. ಮನೋವೈದ್ಯನೊಬ್ಬ ತಾನೇ ವಾಸಿ ಮಾಡಿದ ಹುಡುಗಿಯನ್ನು ಪ್ರೀತಿಸ್ತಾನೆ, ಅವಳು ಇನ್ನೊಬ್ಬನನ್ನು ಇಷ್ಟಪಡ್ತಾಳೆ, ಕೊನೆಗೆ ಡಾಕ್ಟರಿಗೇ ಹುಚ್ಚು. ಅಷ್ಟು ಹೊತ್ತು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದ ಮನುಷ್ಯ 'ನೀನೇ ಸಾಕಿದಾ ಗಿಣಿ' ಅಂತ ಹಾಡುವಾಗ ನಮ್ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಪ್ರಣಯರಾಜ ಅಂತ ಬಿರುದು ಕೊಟ್ಟು ಜನ ನೆನಪಿಟ್ಟುಕೊಂಡದ್ದು ಪ್ರಣಯದಲ್ಲಿ ಸೋತ ಪಾತ್ರವನ್ನು, ಅಲ್ವಾ?

ನನ್ನ ಶ್ರೀನಾಥ್‌ದು 1999ರ ಫೆಬ್ರವರಿ, ಕೋಲ್ಕತ್ತದ ಈಡನ್ ಗಾರ್ಡನ್ಸ್, ಪಾಕಿಸ್ತಾನದ ಮೇಲಿನ ಟೆಸ್ಟ್. ಮೊದಲ ದಿನ ಬೆಳಿಗ್ಗೆ ಪಾಕಿಸ್ತಾನ 26ಕ್ಕೆ 6. ಆಮೇಲೆ ಎರಡನೇ ಇನಿಂಗ್ಸಲ್ಲಿ ಒಬ್ಬರೇ 86 ರನ್ನಿಗೆ 8 ವಿಕೆಟ್. ಒಟ್ಟು 13. ಇಷ್ಟಾದ ಮೇಲೂ 46 ರನ್ನಿಂದ ಸೋತೆವು. ಗಲಾಟೆ ಆಗಿ ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿ ಕೊನೆಯ ಆಟವನ್ನು ಖಾಲಿ ಸ್ಟೇಡಿಯಂನಲ್ಲಿ ಮುಗಿಸಿದರು. ಹದಿಮೂರು ವಿಕೆಟ್ ತೆಗೆದವರಿಗೆ ಚಪ್ಪಾಳೆ ತಟ್ಟೋಕೂ ಜನ ಇರಲಿಲ್ಲ. ಅದೇ ತಿಂಗಳು ದೆಹಲಿಯಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಕುಂಬ್ಳೆಗೇ ಸಿಗಲಿ ಅಂತ ಬೇಕಂತಲೇ ಸ್ಟಂಪಿನಿಂದ ದೂರ ಬಾಲ್ ಹಾಕಿದ್ದೂ ಇವರೇ.

67 ಟೆಸ್ಟಲ್ಲಿ 236, ಒಂದು ದಿನದ 229 ಪಂದ್ಯದಲ್ಲಿ 315 ವಿಕೆಟ್. ಅದೂ ನಮ್ಮ ಸತ್ತ ಪಿಚ್‌ಗಳಲ್ಲಿ, ಮಧ್ಯೆ ಭುಜಕ್ಕೆ ಆಪರೇಷನ್ ಮಾಡಿಸಿಕೊಂಡು. ಆದರೂ ಕ್ವಿಜ್‌ನಲ್ಲಿ ಬಿಟ್ಟರೆ ಈ ಲೆಕ್ಕ ಯಾರೂ ಕೇಳಲ್ಲ. (ಗೆಲುವೂ ಒಂದು ಬರೆಯದಿದ್ದರೆ ಅಣ್ಣ ಜಗಳ ಆಡ್ತಾನೆ: 1996ರ ಟೈಟನ್ ಕಪ್, ಬೆಂಗಳೂರು, ಆಸ್ಟ್ರೇಲಿಯಾ ಎದುರು ನಾವು 164ಕ್ಕೆ 8. ಕುಂಬ್ಳೆ ಜೊತೆ ಬ್ಯಾಟು ಬೀಸಿ ಗೆಲ್ಲಿಸಿದ್ದು ಇದೇ ಶ್ರೀನಾಥ್, 30 ನಾಟೌಟ್.)

2018ರಲ್ಲಿ 'ಮಾನಸ ಸರೋವರ' ಕಥೆ ಮುಂದುವರಿದು ಧಾರಾವಾಹಿಯಾಗಿ ಬಂತು. ಅದೇ ಡಾಕ್ಟರು, ಅದೇ ಶ್ರೀನಾಥ್, 36 ವರ್ಷ ಆದಮೇಲೆ. ಅಮ್ಮ ರಾತ್ರಿ ಊಟ ಬೇಗ ಮುಗಿಸಿ ಕೂರುತ್ತಿದ್ದಳು. ನನ್ನವರು 2006ರಿಂದ ಮ್ಯಾಚ್ ರೆಫರಿ. ಮೊನ್ನೆ ಟಾಸ್ ಹೊತ್ತಿಗೆ ಕ್ಯಾಪ್ಟನ್‌ಗಳ ಪಕ್ಕ ನಿಂತಿದ್ದು ನೋಡಿ ಅಮ್ಮ, "ಇವನು ಇನ್ನೂ ರಿಟೈರ್ ಆಗಿಲ್ವಾ?" ಅಂದಳು.

"ನಿನ್ನವರು ಆಗಿದ್ದಾರಾ?" ಅಂದೆ. ಸುಮ್ನೆ ರಿಮೋಟ್ ಕಿತ್ತುಕೊಂಡಳು.