ಮಳೆಗಾಲ ಬಂದ ಮೇಲೆ ಕೈಗೆ ಸಿಕ್ಕ ಪ್ಲಾಸ್ಮಿಡ್

ನಿನ್ನೆ ಸಂಜೆ, ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನ ಕೆಳಭಾಗದಲ್ಲಿ ಸುಮಾರು 400 ಬೇಸ್ ಜೋಡಿಯ (ಬೇಸ್ ಜೋಡಿ ಎಂದರೆ ಡಿಎನ್‌ಎ ಉದ್ದದ ಅಳತೆ) ಗೆರೆ ಕಾಣಿಸಿತು. ಏಪ್ರಿಲ್‌ನಿಂದ ನಾನು ಕಾಯುತ್ತಿದ್ದುದು ಆ ಒಂದು ಗೆರೆಗಾಗಿ. ಪಿಬೇಬ್-ಪ್ಯೂರೊ ಎಂಬುದು ರೆಟ್ರೊವೈರಲ್ ಪ್ಲಾಸ್ಮಿಡ್, ಅಂದರೆ ವೈರಸ್ ಕಣಗಳ ಮೂಲಕ ಜೀನನ್ನು ಜೀವಕೋಶಕ್ಕೆ ಸಾಗಿಸಲು ಬಳಸುವ ಉಂಗುರಾಕಾರದ ಡಿಎನ್‌ಎ. ಬ್ಯಾಮ್-ಎಚ್‌1 ಮತ್ತು ಇಕೊ-ಆರ್‌1 ಎಂಬ ಕಿಣ್ವಗಳು ಅದನ್ನು ಕತ್ತರಿಸುವ ತಾಣಗಳ ನಡುವೆ, ಎಚ್‌ಎ ಟ್ಯಾಗ್ (ಪ್ರೋಟೀನನ್ನು ಗುರುತಿಸಲು ಅಂಟಿಸುವ ಸಣ್ಣ ತುಣುಕು) ಹೊತ್ತ ಮಾನವ ಎಲ್‌ಸಿ3ಬಿ ಜೀನ್ ಕೊನೆಗೂ ಕುಳಿತಿದೆ. ಜೀವಕೋಶವು ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಆಟೊಫ್ಯಾಜಿ ಎಂಬ ಕ್ರಿಯೆಯಲ್ಲಿ ಪಾಲ್ಗೊಳ್ಳುವ ಪ್ರೋಟೀನ್ ಎಲ್‌ಸಿ3ಬಿ. ಟ್ಯಾಗನ್ನು ಪ್ರೋಟೀನಿನ ಆರಂಭದಲ್ಲೇ ಇಡಬೇಕಾಯಿತು, ಏಕೆಂದರೆ ಜೀವಕೋಶದ ಎಟಿಜಿ4 ಕಿಣ್ವವು 120ನೆಯ ಸ್ಥಾನದಲ್ಲಿರುವ ಗ್ಲೈಸಿನ್ ಎಂಬ ಅಮೈನೊ ಆಮ್ಲ ಆದ ಮೇಲೆ ಎಲ್‌ಸಿ3ಬಿಯ ತುದಿಯನ್ನು ಕತ್ತರಿಸುತ್ತದೆ. ಅಲ್ಲಿ ಅಂಟಿಸಿದ ಟ್ಯಾಗ್ ತುದಿಯ ಜೊತೆಗೇ ಉದುರಿಹೋಗುತ್ತದೆ.

ಪಿಸಿಆರ್ (ಜೀನನ್ನು ನಕಲು ಮಾಡುವುದು) ಮತ್ತು ಲೈಗೇಷನ್ (ಅದನ್ನು ಪ್ಲಾಸ್ಮಿಡ್‌ಗೆ ಅಂಟಿಸುವುದು) ತೊಂದರೆ ಕೊಡಲಿಲ್ಲ. ಆಂಪಿಸಿಲಿನ್ ಎಂಬ ಪ್ರತಿಜೀವಕ ಹಾಕಿದ ಪ್ಲೇಟಿನಲ್ಲಿ, ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯದ ಕಾಲೊನಿಗಳೂ ಚೆನ್ನಾಗಿ ಬಂದವು. ಆದರೆ ಮಿನಿಪ್ರೆಪ್ ಮಾಡಿ (ಬ್ಯಾಕ್ಟೀರಿಯದಿಂದ ಪ್ಲಾಸ್ಮಿಡ್ ಬೇರ್ಪಡಿಸಿ) ಎರಡೂ ಕಿಣ್ವಗಳನ್ನು ಹಾಕಿದಾಗ ಹನ್ನೆರಡರಲ್ಲಿ ಹನ್ನೊಂದು ಪ್ಲಾಸ್ಮಿಡ್‌ಗಳು ಕತ್ತರಿಸಲ್ಪಡಲೇ ಇಲ್ಲ, ಮೇಲಾಗಿ ಜೆಲ್‌ನಲ್ಲಿ ನಿರೀಕ್ಷೆಗಿಂತ ಬಹಳ ಕೆಳಗೆ ಓಡಿದ್ದವು, ಅಂದರೆ ಗಾತ್ರದಲ್ಲಿ ಚಿಕ್ಕದಾಗಿದ್ದವು. ಮೊದಲು ನನ್ನ ಅನುಮಾನ ಹೋದದ್ದು ಕಿಣ್ವಗಳ ಮೇಲೆ. ಬೆಂಗಳೂರಿನಿಂದ ಅವುಗಳನ್ನು ಕಳಿಸಿದ ಮಾರಾಟಗಾರರು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದುದು ಒಂದೇ ಒಂದು ಐಸ್ ಪ್ಯಾಕ್. ಶಿವಮೊಗ್ಗ ತಲುಪುವಷ್ಟರಲ್ಲಿ ಅದು ಪೂರ್ತಿ ನೀರಾಗಿತ್ತು. ದೂರು ಕೊಟ್ಟರೆ ಪೆಟ್ಟಿಗೆಯ ಫೋಟೊ ಕೇಳಿದರು, ಮತ್ತೆ ಉತ್ತರವಿಲ್ಲ. ಇಷ್ಟು ದುಬಾರಿಯಾದ ಸರಕನ್ನು ಇಷ್ಟು ಅಲಕ್ಷ್ಯದಿಂದ ಕಳಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಅದೇ ಕಿಣ್ವಗಳು ಖಾಲಿ ಪಿಬೇಬನ್ನು ಸ್ವಚ್ಛವಾಗಿ ಕತ್ತರಿಸಿದ್ದರಿಂದ, ತಪ್ಪು ಅವುಗಳದಲ್ಲ ಎಂಬುದು ಸ್ಪಷ್ಟವಾಯಿತು.

ತೊಂದರೆ ಇದ್ದದ್ದು ಪ್ಲಾಸ್ಮಿಡ್‌ನಲ್ಲೇ. ಪಿಬೇಬ್‌ನ ಎರಡು ಬದಿಗಳಲ್ಲಿರುವ ಎಲ್‌ಟಿಆರ್‌ಗಳು (ವೈರಸ್‌ನಿಂದ ಬಂದ ಪುನರಾವರ್ತಿತ ತುಂಡುಗಳು) ಬಹುಮಟ್ಟಿಗೆ ಒಂದೇ ಅನುಕ್ರಮದವು, ಒಂದೊಂದೂ 500ಕ್ಕೂ ಹೆಚ್ಚು ಬೇಸ್ ಜೋಡಿಯಷ್ಟು ಉದ್ದ. ಬ್ಯಾಕ್ಟೀರಿಯದೊಳಗೆ ಅವೆರಡೂ ಮರುಜೋಡಣೆಗೊಂಡರೆ ನಡುವಿನ ಭಾಗವೆಲ್ಲ, ನನ್ನ ಜೀನ್ ಮತ್ತು ಎರಡೂ ಕತ್ತರಿ ತಾಣಗಳ ಸಮೇತ, ಹೊರಗೆ ಬೀಳುತ್ತದೆ. ಆಂಪಿಸಿಲಿನ್ ನಿರೋಧಕ ಜೀನ್ ಮತ್ತು ಪ್ರತಿಕೃತಿಯ ಮೂಲ (ಪ್ಲಾಸ್ಮಿಡ್ ನಕಲಾಗಲು ಶುರುವಾಗುವ ತಾಣ) ಆಚೆ ಬದಿಯಲ್ಲಿ ಉಳಿಯುವುದರಿಂದ ಬ್ಯಾಕ್ಟೀರಿಯ ಮಾತ್ರ ಸುಖವಾಗಿ ಬೆಳೆಯುತ್ತದೆ. ಇದನ್ನು ತಡೆಯಲೆಂದೇ ನಾನು ಎಸ್‌ಟಿಬಿಎಲ್3 ಎಂಬ ಬ್ಯಾಕ್ಟೀರಿಯ ತಳಿಯನ್ನು ಬಳಸಿ, ಇನ್‌ಕ್ಯುಬೇಟರನ್ನು 30 ಡಿಗ್ರಿಗೆ ಇಟ್ಟಿದ್ದೆ. ಮರುಜೋಡಣೆಗೆ ಮುಖ್ಯವಾದ ರೆಕ್-ಎ ಜೀನ್ ಕೆಟ್ಟಿರುವ ಈ ತಳಿಯಲ್ಲೂ ಅದು ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ತಂಪಿನಲ್ಲಿ ನಿಧಾನವಾಗಿ ಬೆಳೆಸಬೇಕು.

ನನ್ನ ಇನ್‌ಕ್ಯುಬೇಟರಿನಲ್ಲಿ ಕಾಯಿಸುವ ವ್ಯವಸ್ಥೆ ಇದೆ, ತಂಪುಮಾಡುವ ವ್ಯವಸ್ಥೆ ಇಲ್ಲ. ಏಪ್ರಿಲ್‌ನ ಮಧ್ಯಾಹ್ನ ಕೋಣೆಯೇ 36 ಡಿಗ್ರಿ ಇರುವಾಗ, ಗುಂಡಿಯನ್ನು 30ಕ್ಕೆ ತಿರುಗಿಸಿ ಏನು ಪ್ರಯೋಜನ? ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿದ ದಿನವೇ ಇದು ಅರ್ಥವಾಯಿತು, ಆದರೆ ಮಳೆಗೆ ಕಾಯದೆ ಬೇರೆ ದಾರಿ ಇರಲಿಲ್ಲ. ಜುಲೈನಲ್ಲಿ ತುಂಗೆ ತುಂಬಿ ಹರಿಯತೊಡಗಿದಾಗ ಕೋಣೆ 24 ಡಿಗ್ರಿಗೆ ಇಳಿಯಿತು, ಇನ್‌ಕ್ಯುಬೇಟರ್ 30ರಲ್ಲೇ ನಿಂತಿತು. ಈ ಸಲ ಪ್ಲೇಟನ್ನು ಇಪ್ಪತ್ತು ಗಂಟೆ ಬಿಟ್ಟು, ದೊಡ್ಡ ಕಾಲೊನಿಗಳನ್ನು ಮುಟ್ಟದೆ ಸಣ್ಣವನ್ನೇ ಆರಿಸಿದೆ. ಹೊರೆ ಕಳೆದುಕೊಂಡ ಪ್ಲಾಸ್ಮಿಡ್ ಇರುವವು ಬೇಗ ಬೆಳೆದು ದೊಡ್ಡದಾಗಬಹುದೆಂಬ ಲೆಕ್ಕ ನನ್ನದು. ಎಂಟರಲ್ಲಿ ಆರು ಸರಿ ಬಂದವು.

ಜೆಲ್ ಓಡುತ್ತಿದ್ದಾಗಲೇ ಮುಂದಿನ ಕೆಲಸ ತಲೆಯೊಳಗೆ ಹೊಕ್ಕಿತು. ಎಲ್‌ಸಿ3ಬಿಯ ಮುಂದೆ ಎಂಚೆರಿ (ಕೆಂಪು) ಮತ್ತು ಜಿಎಫ್‌ಪಿ (ಹಸಿರು) ಎಂಬ ಹೊಳೆಯುವ ಪ್ರೋಟೀನುಗಳೆರಡನ್ನೂ ಜೋಡಿಸಿದರೆ, ಲೈಸೋಸೋಮಿನ (ಜೀವಕೋಶದ ಜೀರ್ಣಚೀಲದ) ಆಮ್ಲದಲ್ಲಿ ಹಸಿರು ಆರಿ ಕೆಂಪು ಉಳಿಯುತ್ತದೆ, ಆಟೊಫ್ಯಾಜಿ ಎಲ್ಲಿಯವರೆಗೆ ಸಾಗಿತೆಂಬುದನ್ನು ಬಣ್ಣವೇ ಹೇಳುತ್ತದೆ. ಅದಕ್ಕೂ ಮೊದಲು ಹೋಲಿಕೆಗಾಗಿ, ಎಟಿಜಿ4 ಕತ್ತರಿಸಲಾರದಂತೆ 120ನೆಯ ಸ್ಥಾನದ ಗ್ಲೈಸಿನನ್ನು ಅಲನೀನ್ ಎಂಬ ಬೇರೆ ಅಮೈನೊ ಆಮ್ಲವಾಗಿ ಬದಲಿಸಿದ ರೂಪವೊಂದು ಬೇಕು. ಪ್ರೈಮರುಗಳ (ಪಿಸಿಆರ್‌ಗೆ ಬೇಕಾದ ಸಣ್ಣ ಡಿಎನ್‌ಎ ತುಣುಕುಗಳ) ಅನುಕ್ರಮವನ್ನು ಈಗಾಗಲೇ ಬರೆದಿದ್ದೇನೆ.

ವೈರಸ್ ಕಣಗಳ ತಯಾರಿಕೆ ಇಲ್ಲಿ ನಡೆಯುವುದಿಲ್ಲ. ಅದು ಸೂಕ್ತ ಜೈವಿಕ ಸುರಕ್ಷತೆಯಿರುವ ಬೆಂಗಳೂರಿನ ಸ್ನೇಹಿತರ ಪ್ರಯೋಗಾಲಯದ ಕೆಲಸ. ಮೂರು ಮಾದರಿಗಳನ್ನು ಸೀಕ್ವೆನ್ಸಿಂಗ್‌ಗೆ (ಡಿಎನ್‌ಎಯ ಅನುಕ್ರಮ ಓದಿಸಲು) ಇಂದು ಬೆಳಿಗ್ಗೆ ಕಳಿಸಿದೆ. ಮಳೆಗೆ ವಿದ್ಯುತ್ ಹೋಗುತ್ತಲೇ ಇರುವುದರಿಂದ ಫ್ರೀಜರನ್ನು ನಂಬದೆ, ಡಿಎನ್‌ಎಯ ಕೆಲವು ಹನಿಗಳನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಲಕೋಟೆಯಲ್ಲಿ ಮುಚ್ಚಿ ಮನೆಯ ಬೀರುವಿನಲ್ಲಿ ಇಟ್ಟಿದ್ದೇನೆ.